ಹುಳುಮನೆಯ ಸದ್ದು ನಿಂತ ಮಧ್ಯಾಹ್ನ

ಬಂಡಳ್ಳಿಯ ಬಸವೇಶ ಕಂಪ್ಯೂಟರ್ ಕಲಿಯಲೆಂದು ಕೊಳ್ಳೇಗಾಲಕ್ಕೆ ಹೋಗಿ ಕಲಿತು ಬಂದದ್ದು ಒಂದು ಆಟವನ್ನು ಮಾತ್ರ. ಇದು ೧೯೯೬ರ ಮಾತು. ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೊಂದು ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಸಿಕ್ಕಿದ್ದು ಆ ಇಟ್ಟಿಗೆಯಾಟ. ಪರದೆಯ ಮೇಲಿಂದ ಬಗೆಬಗೆಯ ಇಟ್ಟಿಗೆ ಬೀಳುತ್ತವೆ. ಅವನ್ನು ತಿರುಗಿಸಿ ಸಂದಿಯಿಲ್ಲದಂತೆ ಕೂರಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ಗೋಡೆ ಏರುತ್ತಾ ಹೋಗಿ ಆಟ ಮುಗಿಯುತ್ತದೆ. ಇಷ್ಟೇ. ಇಷ್ಟಕ್ಕೆ ಮನುಷ್ಯ ಊಟ ಬಿಡುತ್ತಾನೆಯೇ? ಬಸವೇಶ ಬಿಟ್ಟ. ಕೊನೆಗೆ ಪರೀಕ್ಷೆಯನ್ನೂ ಬಿಟ್ಟ. ಹಾಗೆಂದು ಪರೀಕ್ಷೆಯ ದಿನ ಅವನು ಎಲ್ಲೋ ಓಡಿಹೋಗಿರಲಿಲ್ಲ, ಪಕ್ಕದ ಕೋಣೆಯಲ್ಲೇ ಆಡುತ್ತಾ ಕೂತಿದ್ದ. ಕರೆಯಲು ಬಂದವರಿಗೆ, "ಇದೊಂದ್ ಸಾಲು ತುಂಬ್ಬುಡ್ಲಿ, ತಾಳಿ ಸಾ," ಎಂದ. ಸಾಲು ತುಂಬುವಷ್ಟರಲ್ಲಿ ಬಾಗಿಲು ಹಾಕಿದ್ದರು.

ಆವತ್ತು ಬಸ್ಸಿನಲ್ಲಿ ಊರಿಗೆ ಮರಳುವಾಗ ಅವನಿಗೆ ನಾಚಿಕೆಗಿಂತ ಗಾಬರಿಯೇ ಹೆಚ್ಚಾಗಿತ್ತು. ತನ್ನ ಮಾತನ್ನೇ ಕೇಳದ ಒಬ್ಬ ತನ್ನೊಳಗೇ ಇದ್ದಾನಲ್ಲ ಎಂಬ ಗಾಬರಿ. ಇನ್ನು ಅದನ್ನು ಮುಟ್ಟುವುದಿಲ್ಲವೆಂದು ತನಗೆ ತಾನೇ ಆಣೆ ಹಾಕಿಕೊಂಡು, ಮನೆಯಲ್ಲಿ ಏನೂ ಹೇಳದೆ, ಅವ್ವನ ಜೊತೆ ರೇಷ್ಮೆ ಹುಳು ಮೇಯಿಸಲು ನಿಂತ.

ಅವ್ವ ಪುಟ್ಟಮಲ್ಲಮ್ಮನ ಕೈಗುಣ ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಹೊಸದಾಗಿ ಹುಳು ತಂದವರು ಮೊದಲ ಸೊಪ್ಪು ಹಾಕಿಸಲು ಅವಳನ್ನೇ ಕರೆಯುತ್ತಿದ್ದರು. ಅವಳ ಮನೆಯಲ್ಲಿ ಒಂದು ಸಲವೂ ಬೆಳೆ ಕೆಟ್ಟಿದ್ದಿಲ್ಲ. ಗಂಡ ಗುರುಪಾದಸ್ವಾಮಿ ತೀರಿಕೊಂಡ ದಿನವೂ ಅಳುವವರ ನಡುವಿನಿಂದ ಎದ್ದು ಹೋಗಿ, ಕೈ ತೊಳೆದು, ಹುಳುಗಳಿಗೆ ಸೊಪ್ಪು ಹಾಕಿ ಬಂದು ಆಮೇಲೆ ಮತ್ತೆ ಅತ್ತವಳು ಆಕೆ.

೨೦೦೩ರಲ್ಲಿ ಕೊಳ್ಳೇಗಾಲದ ಆ ಸೆಂಟರು ಮುಚ್ಚಿತು. ಹಳೆಯ ಕಂಪ್ಯೂಟರುಗಳನ್ನು ಸಿಕ್ಕವರಿಗೆ ಕೊಡುತ್ತಿದ್ದಾರೆಂದು ತಿಳಿದ ಬಸವೇಶ ಒಂದನ್ನು ಹೊತ್ತು ತಂದ. ಹೆಂಡತಿ ಭವ್ಯಶ್ರೀಗೆ ಟೈಪಿಂಗ್ ಕಲಿಯುವ ಆಸೆಯಿತ್ತು. ಸ್ವಿಚ್ ಹಾಕಿ ನೋಡಿದರೆ ಒಳಗೆ ಆ ಇಟ್ಟಿಗೆಯಾಟ ಹಾಗೇ ಕೂತಿತ್ತು! ಬಸವೇಶ ಒಂದು ಹೆಜ್ಜೆ ಹಿಂದೆ ಸರಿದ. ಆದರೇನು, ಅದು ಹುಡುಗು ಬುದ್ಧಿಯ ಕಾಲ, ಈಗ ತಾನು ಸಂಸಾರಸ್ಥ ಎಂದು ಸಮಾಧಾನ ಹೇಳಿಕೊಂಡ. ಅತ್ತೆ ಸೊಸೆ ಇಬ್ಬರೂ ಕೀಲಿಗಳನ್ನು ಮುಟ್ಟಲು ಹೆದರುತ್ತಿದ್ದರಿಂದ, ಹೆದರಿಕೆ ಬಿಡಿಸಲು ಇದೇ ಸರಿಯೆಂದು ಆಟ ತೋರಿಸಿಕೊಟ್ಟ. ತಾನು ಮಾತ್ರ ಒಂದು ಕೈಯನ್ನೂ ಆಡಲಿಲ್ಲ.

ಭವ್ಯಶ್ರೀ ಎರಡು ದಿನ ಆಡಿ, ತಲೆ ನೋಯ್ತದೆ ಎಂದು ಟೈಪಿಂಗಿಗೆ ತಿರುಗಿದಳು. ಪುಟ್ಟಮಲ್ಲಮ್ಮ ತಿರುಗಲಿಲ್ಲ. ಹುಳು ಮುಟ್ಟುವ ಮೊದಲು ತೊಳೆಯುವಂತೆ ಕೈ ತೊಳೆದು ಬಂದು ಕೂರುವಳು. "ಇದೇನ್ಲಾ ಮಹಾ, ಬೆರಣಿ ಒಟ್ಟದಂಗೇ ಅಲ್ವಾ?" ಎಂದು ನಗುವಳು. ಮಗನೂ ನಕ್ಕ.

ಒಂದು ದಿನ ಭವ್ಯಶ್ರೀ ಸತ್ತೇಗಾಲದ ತವರಿಗೆ ಹೋಗಿದ್ದಳು. ಬಸವೇಶನಿಗೆ ಹನೂರಿನಲ್ಲಿ ಕೆಲಸ. ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಆ ಹೊತ್ತಿನ ಹುಳುವಿಗೆ ಹಸಿವೆಂದರೆ ಹಸಿವು, ಹಾಕಿದಷ್ಟೂ ಸೊಪ್ಪು ಬೇಕು. ಅವು ಮೇಯುವ ಚರಚರ ಸದ್ದು ಬೀದಿಗೆ ಕೇಳುತ್ತದೆ. ಬಸವೇಶ ಸಂಜೆಗೆ ಮುಂಚೆ ಬಂದು ಬಾಗಿಲಲ್ಲಿ ನಿಂತ. ಹುಳುಮನೆಯಿಂದ ಒಂದು ಸದ್ದೂ ಇಲ್ಲ.

ಅವನು ಒಳಗೆ ಓಡಿ ನೋಡಿದರೆ ತಟ್ಟೆಗಳಲ್ಲಿ ಬರೀ ಸೊಪ್ಪಿನ ನರ, ಬರೀ ಕಡ್ಡಿ. ಸಾವಿರಾರು ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಅವ್ವನಿಗೇನೋ ಆಗಿಹೋಯಿತು, ಬಿದ್ದಿದ್ದಾಳೆ, ಇಲ್ಲದಿದ್ದರೆ ಹೀಗಾಗುವುದಿಲ್ಲ ಎಂದುಕೊಂಡು "ಅವ್ವಾ!" ಎಂದು ಕಿರುಚುತ್ತಾ ನಡುಮನೆಗೆ ನುಗ್ಗಿದ. ಪುಟ್ಟಮಲ್ಲಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ತಿರುಗಿಯೂ ನೋಡದೆ ಹೇಳಿದಳು:

"ಇದೊಂದ್ ಸಾಲು ತುಂಬ್ಬುಡ್ಲಿ, ತಾಳಪ್ಪ."

ಅದು ಪರೀಕ್ಷೆಯ ದಿನ ಬಸವೇಶ ಆಡಿದ್ದ ಮಾತೇ. ಯಾರಿಗೂ ಹೇಳದೆ ಏಳು ವರ್ಷ ಮುಚ್ಚಿಟ್ಟದ್ದು ಅವ್ವನ ಬಾಯಲ್ಲಿ ಬಂದಿತ್ತು.

"ಹುಳ ಸಾಯ್ತಾವೆ ಕಣವ್ವಾ! ಮಧ್ಯಾಹ್ನದ್ ಸೊಪ್ಪು ಆಕಿಲ್ವಾ ನೀನು?"

ಪುಟ್ಟಮಲ್ಲಮ್ಮ ಬೆಚ್ಚಿ ಕಿಟಕಿಯ ಬಿಸಿಲು ನೋಡಿದಳು. "ಅಯ್ಯೋ ನನ್ ಕೈ ಸೇದೋಗ," ಎಂದವಳೇ ಎದ್ದು ಬಚ್ಚಲಿಗೆ ಓಡಿ, ಕೈ ತೊಳೆದು, ಹುಳುಮನೆ ಸೇರಿದಳು.

"ನೀನು ಆಕ್ತಾ ಇರು. ಈ ದರಿದ್ರನ ತಗ್ದಾಕ್ಬುಟ್ಟು ಈಗ್ಲೇ ಬತ್ತೀನಿ," ಎಂದು ಕೂಗಿ ಬಸವೇಶ ಆಟ ಅಳಿಸಲು ಕೂತ.

ಪರದೆಯ ಮೇಲೆ ಅವ್ವನ ಸ್ಕೋರು ಇತ್ತು. ಅವನು ಕಣ್ಣುಜ್ಜಿಕೊಂಡು ನೋಡಿದ. ಸೆಂಟರಿನಲ್ಲಿ ಅವನಿರಲಿ, ಯಾರೂ ಅಷ್ಟು ಮಾಡಿದ್ದನ್ನು ಕಂಡಿರಲಿಲ್ಲ. ಇದು ಹೇಗೆ ಸಾಧ್ಯ? ಆಗುತ್ತದೋ ಇಲ್ಲವೋ ಒಂದೇ ಒಂದು ಕೈ ನೋಡಿ ಅಳಿಸಿಬಿಟ್ಟರಾಯಿತು. ಬೆರಳುಗಳು ಏನನ್ನೂ ಮರೆತಿರಲಿಲ್ಲ.

ಕರೆಂಟು ಹೋಯಿತು. ಕಪ್ಪು ಪರದೆಯಲ್ಲಿ ಅವನ ಮುಖ ಕಂಡಿತು. ಹೊರಗೆ ಬಿಸಿಲು ಇಳಿದುಹೋಗಿತ್ತು. ಆಗ ಕೇಳಿಸಿತು: ಹುಳುಮನೆಯಿಂದ ಚರಚರ, ಚರಚರ. ತಟ್ಟೆ ತಟ್ಟೆಗೂ ಅವ್ವ ಒಬ್ಬಳೇ ಸೊಪ್ಪು ಕೊಯ್ದು ತಂದು ಹಾಕಿ ಮುಗಿಸಿದ್ದಳು. ಈಗ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಾ ಎದ್ ಬಂದೆ ಕಣ್ಲಾ," ಎಂದಳು. "ನೀ ಯಾವಾಗ ಎದ್ದೀಯೆ?"

ಅಷ್ಟರಲ್ಲಿ ಕರೆಂಟು ಬಂತು. ಬಸವೇಶ ನೋಡಿಕೊಂಡ: ಕೈ ಆಗಲೇ ಹೋಗಿ ಸ್ವಿಚ್ಚಿನ ಮೇಲೆ ಕೂತಿತ್ತು. ತಾನು ಅದನ್ನು ಕಳಿಸಿರಲೇ ಇಲ್ಲ. ಏಳು ವರ್ಷದ ಹಿಂದೆ ಬಸ್ಸಿನಲ್ಲಿ ಕೂತಿದ್ದ ಆ ಗಾಬರಿ ಹಾಗೇ ಮರಳಿ ಬಂತು.

"ಅವ್ವಾ," ಎಂದ. "ಆ ವೈರು ಕಿತ್ಕಂಡು ನಿನ್ ತಾವೇ ಮಡೀಕ. ಭವ್ಯ ಟೈಪ್ ಮಾಡುವಾಗ ಅವಳ್ ಕೈಗೆ ಕೊಡು. ನಾನು ಕೇಳುದ್ರೆ ಕೊಡ್ಬೇಡ. ಅತ್ರೂ ಕೊಡ್ಬೇಡ."

ಪುಟ್ಟಮಲ್ಲಮ್ಮ ಬಂದು ವೈರನ್ನು ಕಿತ್ತು, ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡು ಹುಳುಗಳ ಹತ್ತಿರ ಹೋದಳು.