ಹೆಗಲೇರಿದ ಸೈಕಲ್

ಹುಮನಾಬಾದಿನಿಂದ ಗೇರ್ ಸೈಕಲ್‌ಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ನಾನೂ ಗೆಳೆಯನೂ ಹೊನ್ನಾವರದ ಕಾಡಿಗೆ ಹೋಗಿದ್ದೆವು. ಆಗಷ್ಟೇ ಮಳೆ ನಿಂತಿತ್ತು. ಒದ್ದೆ ಕಾಡುದಾರಿ ಕಂಡದ್ದೇ ತಡ, ಇಬ್ಬರೂ ಸೈಕಲ್ ಇಳಿದು ಅದನ್ನು ಹೆಗಲಿಗೇರಿಸಿದೆವು. ನಮ್ಮ ಕಡೆ ಮಳೆಯಾದರೆ ಹಾಗೇ. ಇಲ್ಲದಿದ್ದರೆ ಎರೆಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ.

ಏದುಸಿರು ಬಿಡುತ್ತ ಗುಡ್ಡ ಹತ್ತುವಾಗ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ಎದುರಾದರು.

"ಸೈಕಲ್ ಹಾಳಾಯ್ತಾ ತಮಾ?"

"ಇಲ್ರಿ ಅಮ್ಮ, ನೆಲ ಹಸಿ ಅದಲ್ರಿ."

ಅವರು ನಗುತ್ತ ನೆಲಕ್ಕೆ ಕಾಲು ಕುಟ್ಟಿ ತೋರಿಸಿದರು. ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ, ಬಂಡೆಯಂತೆ ಗಟ್ಟಿ!

ಇಳಿಜಾರಿನಲ್ಲಿ ಗೆಳೆಯ ಸೈಕಲ್ ಏರಿ, "ಈ ಮಣ್ಣು ಗಾಲಿಗೆ ಹಿಡಿಯಂಗಿಲ್ಲಲೇ!" ಎಂದು ಕೂಗುತ್ತ ಹಾರಿಹೋದ, ಹಿಂದೆಯೇ ನಾನು.

ಅದೇ ಗುಂಗಿನಲ್ಲಿ ಊರಿಗೆ ಮರಳಿ, ಮಳೆಯಾದ ಮರುದಿನವೇ ಘಾಟಬೋರಾಳದ ಹೊಲದ ದಾರಿಗೆ ನುಗ್ಗಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್‌ಗಳು ಮತ್ತೆ ನಮ್ಮ ಹೆಗಲೇರಿದ್ದವು.