ಕರಪತ್ರದ ಭೂತ

ಸಿರುಗುಪ್ಪದ ಟಾಕೀಸಿಗೆ ಬಂದ ಭೂತದ ಸಿನಿಮಾದ ಕರಪತ್ರದಲ್ಲಿದ್ದ ಮುಖ ನನ್ನ ಗೆಳೆಯ ಈರಣ್ಣನದು. ಕೆತ್ತಿದವನು ನಾನು. ಐವತ್ತು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಹೆಂಡತಿಗೂ.

ಆಗ ನಾನು ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿ ಮರದ ಅಚ್ಚು ಕೆತ್ತುತ್ತಿದ್ದೆ. ಈರಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದ. ಬಾಯ್ಲರಿನ ಬಿಸಿನೀರು ಸಿಡಿದು ಅವನ ಎಡಗೆನ್ನೆ ಸುಟ್ಟು ಮುದುಡಿತ್ತು. ಆದರೂ ಬಾದನಹಟ್ಟಿಯ ಹುಡುಗಿಯೊಬ್ಬಳು ಅವನನ್ನು ಕಣ್ಣಾರೆ ನೋಡಿ ಒಪ್ಪಿದ್ದಳು. ಅವನ ಖುಷಿಗೆ ಮಿತಿಯೇ ಇರಲಿಲ್ಲ.

ಕರಪತ್ರಕ್ಕೆಂದು ಮದ್ರಾಸಿನಿಂದ ಬರಬೇಕಾದ ಭೂತದ ಅಚ್ಚು ಬರಲಿಲ್ಲ. "ನೋಡಿದೋರ ಎದಿ ಝಲ್ ಅನ್ನಬೇಕು, ನಗೂನೂ ಬರಬೇಕು, ಹಂಗ ಒಂದು ಭೂತ ಮಾಡು" ಎಂದರು ಟಾಕೀಸಿನ ಮಾಲೀಕರು. ಮೂರು ಸಲ ಕೆತ್ತಿದೆ. ಮೂರೂ ಬಯಲಾಟದ ರಾಕ್ಷಸರಂತೆ ಮೀಸೆ ಹೊತ್ತು ಕೂತವು. ನಾಲ್ಕನೆಯದಕ್ಕೆ ಈರಣ್ಣನ ಕೆನ್ನೆ ತಾನಾಗಿ ಕೈಗೆ ಬಂತು... ಇಲ್ಲ, ಅದು ಸುಳ್ಳು. ನೆನೆದು ನೆನೆದು ಕೆತ್ತಿದೆ. ಎಂಥ ಕೈ ನನ್ನದು ಎಂದು ಬೀಗಿದೆ ಕೂಡ.

ಜಟಕಾದಲ್ಲಿ ಮೈಕು ಕಟ್ಟಿಕೊಂಡು ಊರೂರಿಗೆ ಕರಪತ್ರ ತೂರಿದರು. ಬಾದನಹಟ್ಟಿಯ ಜನ ಆ ಹುಡುಗಿಯನ್ನು ಭೂತದ ಹೆಂಡತಿ ಎಂದು ಆಡಿಕೊಂಡರು. ಅವಳ ಅಪ್ಪ ಮಾತು ಮುರಿದ.

ಈರಣ್ಣ ಕರಪತ್ರ ಹಿಡಿದು ಪ್ರೆಸ್ಸಿಗೇ ಬಂದ. "ಇದು ನಾನ ಅಲ್ಲೇನಲೇ? ಕನ್ನಡ್ಯಾಗ ನೋಡಿದಂಗ ಐತಿ."

ಮರದಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ತಿರುಗಿ ಮೂಡುತ್ತದೆ. ಅವಸರದಲ್ಲಿ ನಾನು ಕಂಡಂತೆಯೇ ಕೆತ್ತಿದ್ದರಿಂದ ಭೂತದ ಗಾಯ ಬಲಗೆನ್ನೆಗೆ ಬಂದಿತ್ತು. ಗಿರಣಿಯವನಿಗೆ ಈ ಸಂಗತಿ ಏನು ಗೊತ್ತು? "ಹುಚ್ಚದೀಯೇನಲೇ? ಇದರದು ಬಲಗೆನ್ನಿ, ನಿಂದು ಎಡಗೆನ್ನಿ. ಮುಟ್ಟಿ ನೋಡ್ಕೋ" ಎಂದೆ.

ಮುಟ್ಟಿ ನೋಡಿಕೊಂಡ. ನಂಬಿದ. "ನಿನ್ನ ಮ್ಯಾಲೆ ಸಂಶೆ ಪಟ್ಟೆ, ತಪ್ಪಾತು" ಎಂದು ನನ್ನ ಕೈ ಹಿಡಿದುಕೊಂಡ — ಕೆತ್ತಿದ ಅದೇ ಕೈಯನ್ನು.

ಅವನು ಮದುವೆಯಾಗಲೇ ಇಲ್ಲ. ಕುರುಗೋಡಿನಲ್ಲಿ ತಂಗಿಯ ಮನೆಯಲ್ಲಿದ್ದಾನೆ. ಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಾನೆ; ಪ್ರತಿ ಸಲವೂ ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಹಳೆಯ ಸಿನಿಮಾ ಕರಪತ್ರಗಳ ಪ್ರದರ್ಶನ ಇಡುವ ಹುಡುಗಿಯೊಬ್ಬಳು ಪ್ರೆಸ್ಸಿನವರಿಂದ ನನ್ನ ವಿಳಾಸ ಪಡೆದು ಆ ಕರಪತ್ರ ತಂದಳು. "ಭಾಳ ಚಂದ ಕೆತ್ತೀರಿ ಅಜ್ಜಾರ. ಕೆಳಗ ನಿಮ್ಮ ಹೆಸರು ಹಾಕ್ತೀವ್ರಿ" ಎಂದಳು. ಎರಡು ದಿನ ತಡಿಯವ್ವ ಎಂದೆ.

ನಾಳೆ ಕುರುಗೋಡಿಗೆ ಹೋಗುತ್ತೇನೆ. ಮುಖ ಅವನದೇ, ಗೊತ್ತಿದ್ದೇ ಕೆತ್ತಿದೆ ಎಂದು ಹೇಳುತ್ತೇನೆ. ಅವನು ಬೈದರೆ, ಹೊಡೆದರೆ ನಿಂತಿರುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ.