ಬೇಸಿಗೆಗೆ ಯಾವ ಆಯಿಲ್, ಯಾವ ಭಾಷೆಯಲ್ಲಿ?

ಕಳೆದ ಭಾನುವಾರ ಸುಡುಬಿಸಿಲಲ್ಲಿ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆ ಏರು ಹತ್ತುವಾಗ, ನನ್ನ ಕಾರಿನ ಆಯಿಲ್ ದೀಪ ಕೆಂಪಗೆ ಹೊತ್ತಿಕೊಂಡಿತು. ಎಂಜಿನ್ ಕಟಕಟ ಹಲ್ಲು ಕಡಿಯಿತು. ತಕ್ಷಣ ಆಫ್ ಮಾಡಿದೆ.

ಹಿಂದೆ ನಾದಿನಿ, ಅವಳ ಗಂಡ, ವಿದುರಾಶ್ವತ್ಥದ ಪೂಜೆಗೆಂದು ಒಂದು ಮೂಟೆ ತೆಂಗಿನಕಾಯಿ. ಪಕ್ಕದಲ್ಲಿ ಹೆಂಡತಿ. ಚಿಂತಾಮಣಿ ಬಿಡುವಾಗಲೇ ಹೇಳಿದ್ದಳು: "ಈ ಸಲ ದಾರೀಲಿ ನಿಂತ್ರೆ ನಾಳೆನೇ ಮಾರಿಬಿಡಣ ಇದನ್ನ."

ಮಾರುವುದೇ? ಟೈರಿನ ಗಾಳಿ, ಆಯಿಲ್ ಕಡ್ಡಿ ನೋಡದೆ ಬೆಳಗಿನ ಕಾಫಿ ಮುಟ್ಟುವವನಲ್ಲ ನಾನು. (ಮನೆಯವರು ಇದನ್ನು ಪೆರೇಡ್ ಎನ್ನುತ್ತಾರೆ.) ಆಯಿಲನ್ನೂ ಮೊನ್ನೆಯಷ್ಟೇ ಬದಲಿಸಿದ್ದೆ. ಅದೂ ಕೇಳಿಯೇ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ನಾರಾಯಣಸ್ವಾಮಿ ಫೋನಿನಲ್ಲಿ ಹೇಳಿದ್ದ: "ಬಿಸಿಲಲ್ಲಿ ಲೋಡ್ ಎಳೆಯೋ ಗಾಡಿ. ಚಿಕ್ಕನಿ ಆಯಿಲ್ ಹಾಕ್ಸಿ ಸಾರ್."

ಡಬ್ಬದ ಮೇಲೆ ಎರಡು ನಂಬರ್ ಇರುತ್ತವಲ್ಲ? ಅಂಗಡಿಯಲ್ಲಿದ್ದ ಅತಿ ಚಿಕ್ಕ ನಂಬರನ್ನೇ ತಂದೆ. ಝೀರೋ ಡಬ್ಲ್ಯು ಟ್ವೆಂಟಿ.

ಫೋನ್ ಮಾಡಿದ ಮೇಲೆ ಸ್ವಾಮಿ ಬೈಕಿನಲ್ಲಿ ಒಂದು ಡಬ್ಬ ಆಯಿಲ್ ಇಟ್ಟುಕೊಂಡು ಬಂದ. ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡ.

"ಏನ್ ಸಾರ್ ಇದು, ನೀರು. ಚಿಕ್ಕನಿ ಅಂದಿದ್ನಲ್ಲ."

"ಚಿಕ್ಕದೇ ತಂದಿದ್ದೀನಪ್ಪ. ಇದಕ್ಕಿಂತ ಚಿಕ್ಕದು ಅಂಗಡೀಲೇ ಇರ್ಲಿಲ್ಲ."

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳನ್ನು ಕೊಟ್ಟಿರುವುದು ತೆಲುಗು ಮನೆಗೆ. "ಭಾವ, ತೆಲುಗಲ್ಲಿ ಚಿಕ್ಕನಿ ಅಂದ್ರೆ ಗಟ್ಟಿ. ನಮ್ಮತ್ತೆ ಗಟ್ಟಿ ಮಜ್ಜಿಗೇನ ಚಿಕ್ಕನಿ ಮಜ್ಜಿಗ ಅಂತಾರೆ."

"ಹಂಗಾದ್ರೆ ಇದೇನು, ಗಟ್ಟಿಬಳ್ಳಾಪುರನಾ?" ಎಂದೆ. ಯಾರೂ ನಗಲಿಲ್ಲ.

ನೀವಾದರೂ ಕೇಳಿ. ಡಬ್ಬದ ಮೊದಲ ನಂಬರ್ ಚಳಿಗೆ. ಎರಡನೆಯದು, ಎಂಜಿನ್ ಕಾದ ಮೇಲೆ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ. ನಮ್ಮ ಏಪ್ರಿಲ್ಲಿನಲ್ಲಿ, ಹೊರೆ ಹೊತ್ತು, ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಡುವ ಹಳೆಯ ಗಾಡಿಗೆ ನೋಡಬೇಕಾದದ್ದು ಅದನ್ನು. ಹಾಗೆಂದು ಹೊಸ ಕಾರಿಗೆಲ್ಲ ಗಟ್ಟಿಯದನ್ನು ಸುರಿಯಬೇಡಿ. ತಯಾರಿಸಿದವರು ಹೇಳಿದ ಮಿತಿಯಲ್ಲಿರಿ. ಎರಡೆರಡು ಭಾಷೆ ಬರುತ್ತದೆಂದು ಮೆರೆಯುವ ನಮಗೆ ಎರಡು ನಂಬರ್ ಓದಲು ಏನು ಕಷ್ಟ?

ಎಂಜಿನ್ ತಣ್ಣಗಾದ ಮೇಲೆ ಸ್ವಾಮಿ ಇದ್ದದ್ದನ್ನು ಬಸಿದು ಟ್ವೆಂಟಿ ಡಬ್ಲ್ಯು ಫಿಫ್ಟಿ ಸುರಿದ. ಸ್ಟಾರ್ಟ್ ಮಾಡಿದೆ. ದೀಪ ಆರಿತು. ಕಟಕಟವೂ ಇಲ್ಲ. ಮೆಲ್ಲಗೆ ಹೆಂಡತಿಯ ಮುಖ ನೋಡಿದೆ.

"ಕಾರು ಮಾರೋದೇನೂ ಬೇಡ. ಅದರದ್ದೇನು ತಪ್ಪು?" ಎಂದಳು. "ಡ್ರೈವರ್‌ನ ಯಾರಾದ್ರೂ ತಗೊಳ್ತಾರಾ ವಿಚಾರಿಸಣ."